ಕಿಡ್ನಿ ಕಾಯಿಲೆ ಮತ್ತು ರಕ್ತದ ಕೊಬ್ಬು: ರಿಪೋರ್ಟ್ ‘ನಾರ್ಮಲ್’ ಇದ್ದರೂ ಗುಳಿಗೆ ಯಾಕೆ?





ವಾರ್ಷಿಕ ವರದಿಯ ಲೆಕ್ಕಪತ್ರ ಮತ್ತು ವಿದ್ಯಾರ್ಥಿವೇತನದ ಪ್ರಕಟಣೆಯ ಜೊತೆಗೆ ಆರೋಗ್ಯದ ಬಗ್ಗೆ ಒಂದು ಲೇಖನವನ್ನೂ ಕೊಡುತ್ತಿದ್ದೇವೆ. ಈ ಸಲ ಕಿಡ್ನಿ ಕಾಯಿಲೆಯನ್ನು ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲೂಕುಗಳಿಂದ ಬರುವ ಅರ್ಜಿಗಳಲ್ಲಿ ‘ಕುಟುಂಬದ ಪರಿಸ್ಥಿತಿ’ ಎಂಬ ಅಂಕಣವನ್ನು ಓದುವಾಗ, ದುಡಿಯುವ ಕೈ ನಿಂತುಹೋದದ್ದಕ್ಕೆ ಕಿಡ್ನಿ ತೊಂದರೆ, ಡಯಾಲಿಸಿಸ್, ಹೃದಯಾಘಾತ ಎಂಬ ಮಾತುಗಳು ಕಣ್ಣಿಗೆ ಬೀಳುತ್ತವೆ. ಮಗಳ ಕಾಲೇಜು ಫೀ ಕಟ್ಟಬೇಕೋ, ತಂದೆಯ ಗುಳಿಗೆ ತರಬೇಕೋ ಎಂಬ ಲೆಕ್ಕ ಹಲವು ಮನೆಗಳಲ್ಲಿ ತಿಂಗಳಿಗೊಮ್ಮೆ ನಡೆಯುತ್ತದೆ.

ಆ ಲೆಕ್ಕದಲ್ಲಿ ಮೊದಲು ಹೊಡೆತ ಬೀಳುವುದು ಸಾಮಾನ್ಯವಾಗಿ ಕೊಲೆಸ್ಟರಾಲ್ ಗುಳಿಗೆಗೆ. “ಶುಗರ್ ಗುಳಿಗೆ ಬಿಟ್ಟರೆ ಶುಗರ್ ಏರುತ್ತದೆ, ಬಿ.ಪಿ. ಗುಳಿಗೆ ಬಿಟ್ಟರೆ ತಲೆ ಸುತ್ತುತ್ತದೆ. ಕೊಲೆಸ್ಟರಾಲ್ ಅಂತೂ ನಾರ್ಮಲ್ ಬಂದಿದೆ, ಅದೊಂದನ್ನು ಬಿಟ್ಟರೇನಾಯಿತು?” ಎಂದು ಪಾಲಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹೇಳಲು ಈ ಲೇಖನ.

ಕಿಡ್ನಿ ಕಾಯಿಲೆ ಎಂದರೇನು?

ನಮ್ಮ ಎರಡು ಕಿಡ್ನಿಗಳು ಹಗಲು ರಾತ್ರಿ ರಕ್ತವನ್ನು ಸೋಸುತ್ತವೆ. ಕಲ್ಮಶ ಮತ್ತು ಹೆಚ್ಚಿನ ನೀರನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಬಿ.ಪಿ. ಹತೋಟಿಯಲ್ಲಿಡುವುದು, ರಕ್ತ ತಯಾರಾಗಲು ಬೇಕಾದ ಹಾರ್ಮೋನು ಕೊಡುವುದು, ಎಲುಬನ್ನು ಗಟ್ಟಿಯಾಗಿಡುವುದು ಕೂಡ ಅವುಗಳ ಕೆಲಸ. ಈ ಶಕ್ತಿ 3 ತಿಂಗಳಿಗಿಂತ ಹೆಚ್ಚು ಕಾಲ ಕುಗ್ಗಿದ್ದರೆ, ಅಥವಾ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಲೇ ಇದ್ದರೆ, ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ. ಜಗತ್ತಿನಾದ್ಯಂತ ಸುಮಾರು 85 ಕೋಟಿ ಜನರಿಗೆ ಒಂದಲ್ಲ ಒಂದು ಬಗೆಯ ಕಿಡ್ನಿ ಕಾಯಿಲೆ ಇದೆ ಎಂಬ ಅಂದಾಜಿದೆ. ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಇದರ ಮುಖ್ಯ ಕಾರಣಗಳು. ವೈದ್ಯರನ್ನು ಕೇಳದೆ ಮೊಣಕಾಲು ನೋವಿಗೆ, ಸೊಂಟನೋವಿಗೆ ವರ್ಷಗಟ್ಟಲೆ ನುಂಗುವ ನೋವಿನ ಗುಳಿಗೆಗಳೂ ಕಿಡ್ನಿಯನ್ನು ಕೆಡಿಸುತ್ತವೆ.

ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ರಕ್ತದ ಕ್ರಿಯಾಟಿನಿನ್ ಪರೀಕ್ಷೆಯಿಂದ ಲೆಕ್ಕ ಹಾಕುತ್ತಾರೆ. ರಿಪೋರ್ಟಿನಲ್ಲಿ ಅದು ‘ಇಜಿಎಫ್ಆರ್’ ಎಂಬ ಸಂಖ್ಯೆಯಾಗಿ ಬರುತ್ತದೆ. 90ರ ಮೇಲಿದ್ದರೆ ಚೆನ್ನಾಗಿದೆ. 3 ತಿಂಗಳು 60ಕ್ಕಿಂತ ಕೆಳಗೇ ಉಳಿದರೆ ಕಾಯಿಲೆ ಇದೆ. 15ಕ್ಕಿಂತ ಕೆಳಗೆ ಇಳಿದರೆ ಕಿಡ್ನಿ ಸೋತಿದೆ ಎಂದರ್ಥ. ತೊಂದರೆ ಏನೆಂದರೆ, ಮೊದಲ ಹಂತಗಳಲ್ಲಿ ನೋವಿಲ್ಲ, ಬಾವಿಲ್ಲ, ಸುಸ್ತೂ ಇಲ್ಲ. ಅರ್ಧಕ್ಕಿಂತ ಹೆಚ್ಚು ಶಕ್ತಿ ಹೋದ ಮೇಲೂ ಮನುಷ್ಯ ಎಂದಿನಂತೆ ಹೊಲಕ್ಕೆ ಹೋಗುತ್ತಾನೆ, ಮಗ್ಗದಲ್ಲಿ ಕೂರುತ್ತಾನೆ, ಅಂಗಡಿ ನಡೆಸುತ್ತಾನೆ.

ರಕ್ತದಲ್ಲಿ ಕೊಬ್ಬಿನ ಸಾಗಾಟ

ಕಿಡ್ನಿಗೂ ಕೊಬ್ಬಿಗೂ ಏನು ಸಂಬಂಧ ಎಂದು ತಿಳಿಯಲು ಮೊದಲು ಕೊಬ್ಬು ದೇಹದಲ್ಲಿ ಹೇಗೆ ಓಡಾಡುತ್ತದೆ ಎಂದು ನೋಡೋಣ. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ. ಹಾಗೆಯೇ ಕೊಬ್ಬು ತಾನಾಗಿ ರಕ್ತದಲ್ಲಿ ಕರಗುವುದಿಲ್ಲ. ಆದ್ದರಿಂದ ದೇಹ ಅದನ್ನು ಪ್ರೋಟೀನಿನ ಹೊದಿಕೆ ಇರುವ ಸಣ್ಣ ಕಣಗಳಲ್ಲಿ ತುಂಬಿ ಕಳಿಸುತ್ತದೆ. ಇವಕ್ಕೆ ಲಿಪೊಪ್ರೋಟೀನ್ ಎಂದು ಹೆಸರು. ಎಪಿಎಂಸಿ ಅಂಗಳಕ್ಕೆ ಬರುವ ಮಾಲಿನ ಲಾರಿಗಳಂತೆ ಇವನ್ನು ಊಹಿಸಿಕೊಳ್ಳಿ.

ಕರುಳು ಮತ್ತು ಯಕೃತ್ತಿನಿಂದ ಹೊರಡುವ ದೊಡ್ಡ ಲಾರಿಗಳಲ್ಲಿ ಹೆಚ್ಚಾಗಿರುವ ಮಾಲು ಟ್ರೈಗ್ಲಿಸರೈಡ್. ಸ್ನಾಯುಗಳಿಗೆ ಮತ್ತು ಕೊಬ್ಬಿನ ಕೋಶಗಳಿಗೆ ಅದನ್ನು ಇಳಿಸಬೇಕು. ಇಳಿಸುವ ಹಮಾಲರ ಕೆಲಸವನ್ನು ‘ಲಿಪೊಪ್ರೋಟೀನ್ ಲೈಪೇಸ್’ ಎಂಬ ಕಿಣ್ವ ಮಾಡುತ್ತದೆ. ಯಕೃತ್ತಿನಿಂದ ಬಂದ ಲಾರಿ ಮಾಲು ಇಳಿಸುತ್ತಾ ಚಿಕ್ಕದಾಗಿ, ಕೊನೆಗೆ ಕೊಲೆಸ್ಟರಾಲ್ ಉಳಿದ ಎಲ್‌ಡಿಎಲ್ ಆಗುತ್ತದೆ. ಇದು ಹೆಚ್ಚಾದರೆ ರಕ್ತನಾಳದ ಗೋಡೆಯೊಳಗೆ ಜಿಡ್ಡು ಕಟ್ಟುತ್ತದೆ. ಇನ್ನೊಂದು ಬಗೆಯ ಲಾರಿ ಎಚ್‌ಡಿಎಲ್. ಅದು ಅಲ್ಲಲ್ಲಿ ಹೆಚ್ಚಾಗಿ ಬಿದ್ದ ಕೊಲೆಸ್ಟರಾಲನ್ನು ತುಂಬಿಕೊಂಡು ಯಕೃತ್ತಿಗೆ ಮರಳಿಸುತ್ತದೆ. ಅದಕ್ಕೇ ಅದನ್ನು ಒಳ್ಳೆಯ ಕೊಲೆಸ್ಟರಾಲ್ ಎನ್ನುವುದು.

ಕಿಡ್ನಿ ಸೋತಾಗ ಏನಾಗುತ್ತದೆ?

ಮೊದಲನೆಯದು, ಹಮಾಲರ ಕೊರತೆ. ಕಿಡ್ನಿ ಶಕ್ತಿ ಕುಗ್ಗಿದಂತೆ ಲಿಪೊಪ್ರೋಟೀನ್ ಲೈಪೇಸ್ ಕಿಣ್ವದ ಕೆಲಸ ಇಳಿಯುತ್ತದೆ. ಅದನ್ನು ತಡೆಯುವ ‘ಅಪೊ ಸಿ-3’ ಎಂಬ ಪ್ರೋಟೀನ್ ರಕ್ತದಲ್ಲಿ ಹೆಚ್ಚುತ್ತದೆ. ಪರಿಣಾಮವಾಗಿ ಮಾಲು ಅರ್ಧ ಇಳಿಸಿದ ಲಾರಿಗಳು ದಾರಿಯಲ್ಲೇ ನಿಂತುಬಿಡುತ್ತವೆ. ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ ಏರಿರುವುದು ಇದರಿಂದಲೇ. ಈ ಅರೆಬರೆ ಕಣಗಳೂ ರಕ್ತನಾಳಕ್ಕೆ ಕೇಡು.

ಎರಡನೆಯದು, ಎಚ್‌ಡಿಎಲ್ ಕಡಿಮೆಯಾಗುತ್ತದೆ. ಕೊಲೆಸ್ಟರಾಲನ್ನು ಎಚ್‌ಡಿಎಲ್ ಒಳಗೆ ಪ್ಯಾಕ್ ಮಾಡಿಡುವ ‘ಎಲ್‌ಕ್ಯಾಟ್’ ಎಂಬ ಕಿಣ್ವವೂ ಕುಗ್ಗುತ್ತದೆ. ಉಳಿದ ಎಚ್‌ಡಿಎಲ್ ಕೂಡ ಮೊದಲಿನಂತೆ ದುಡಿಯುವುದಿಲ್ಲ. ಲಾರಿ ಇದೆ, ಆದರೆ ತುಂಬಿಕೊಂಡು ಹೋಗುವ ತಾಕತ್ತಿಲ್ಲ.

ಮೂರನೆಯದೇ ಈ ಲೇಖನದ ಮುಖ್ಯ ಮಾತು. ಎಲ್‌ಡಿಎಲ್ ಪ್ರಮಾಣ ಬಹಳ ಸಲ ಹೆಚ್ಚಾಗುವುದೇ ಇಲ್ಲ. ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದೇ ಬರುತ್ತದೆ. ಆದರೆ ಅದರ ಗುಣ ಬದಲಾಗಿರುತ್ತದೆ. ಕಣಗಳು ಸಣ್ಣವಾಗಿ, ಗಟ್ಟಿಯಾಗಿ, ರಕ್ತನಾಳದ ಗೋಡೆಯೊಳಗೆ ಸುಲಭವಾಗಿ ನುಗ್ಗುತ್ತವೆ. ರಕ್ತದಲ್ಲಿ ಹೆಚ್ಚು ಹೊತ್ತು ಸುತ್ತುತ್ತಾ ಕಲ್ಮಶಗಳ ಸಂಗದಲ್ಲಿ ಕೆಡುತ್ತವೆ. ಹೀಗೆ ಕೆಟ್ಟ ಎಲ್‌ಡಿಎಲ್ಅನ್ನು ರಕ್ಷಕ ಕೋಶಗಳು ನುಂಗಿ ಗೋಡೆಯಲ್ಲೇ ಉಬ್ಬಿ ಕೂರುತ್ತವೆ. ಜಿಡ್ಡಿನ ಗಡ್ಡೆ ಬೆಳೆಯುವುದು ಹೀಗೆ. ಇದರ ಜೊತೆಗೆ ‘ಲಿಪೊಪ್ರೋಟೀನ್-ಎ’ ಎಂಬ ಇನ್ನೊಂದು ಅಪಾಯಕಾರಿ ಕಣವೂ ಹೆಚ್ಚುತ್ತದೆ. ಸಾಮಾನ್ಯ ಲಿಪಿಡ್ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ. ಲ್ಯಾಬಿನವರು ಎಣಿಸಿ ಕೊಡುವುದು ಕೊಲೆಸ್ಟರಾಲಿನ ಪ್ರಮಾಣವನ್ನು. ಕಣ ಎಷ್ಟು ಕೆಟ್ಟಿದೆ ಎಂಬುದು ಆ ಹಾಳೆಯಲ್ಲಿ ಬರುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಒಂದು ಲೆಕ್ಕ

ವಿದ್ಯಾರ್ಥಿಗಳೇ, ಈ ಲೆಕ್ಕವನ್ನು ನೀವೇ ಮಾಡಿ ಮನೆಯವರಿಗೆ ತೋರಿಸಬಹುದು. ಉದಾಹರಣೆಗೆ ಒಂದು ರಿಪೋರ್ಟಿನಲ್ಲಿ ಹೀಗಿದೆ ಎನ್ನೋಣ: ಒಟ್ಟು ಕೊಲೆಸ್ಟರಾಲ್ 180, ಟ್ರೈಗ್ಲಿಸರೈಡ್ 270, ಎಚ್‌ಡಿಎಲ್ 30, ಎಲ್‌ಡಿಎಲ್ 96. ಒಟ್ಟು 200ಕ್ಕಿಂತ ಕಡಿಮೆ, ಎಲ್‌ಡಿಎಲ್ 100ಕ್ಕಿಂತ ಕಡಿಮೆ. ಈ ಎರಡನ್ನೇ ನೋಡಿದವರು ಚಿಂತೆಯಿಲ್ಲ ಎನ್ನುತ್ತಾರೆ. ಈಗ ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಕಳೆಯಿರಿ: 180ರಲ್ಲಿ 30 ಹೋದರೆ 150. ಇದು ಕೆಟ್ಟ ಕಣಗಳೆಲ್ಲ ಸೇರಿ ಹೊತ್ತಿರುವ ಕೊಲೆಸ್ಟರಾಲ್. ಸಾಮಾನ್ಯವಾಗಿ ಇದು 130ರೊಳಗೆ ಇರಬೇಕು. ಟ್ರೈಗ್ಲಿಸರೈಡ್ 150ರೊಳಗೆ ಇರಬೇಕಾದದ್ದು 270 ಇದೆ. ಎಚ್‌ಡಿಎಲ್ ಗಂಡಸರಿಗೆ 40, ಹೆಂಗಸರಿಗೆ 50ಕ್ಕಿಂತ ಮೇಲಿರಬೇಕಾದದ್ದು 30 ಇದೆ. ಮೇಲಿನ ನಾಲ್ಕು ಸಂಖ್ಯೆಗಳು ಕಿಡ್ನಿ ರೋಗಿಗಳಲ್ಲಿ ಸಾಮಾನ್ಯವಾಗಿ ಕಾಣುವ ಮಾದರಿ. ಇನ್ನು ಮುಂದೆ ರಿಪೋರ್ಟ್ ಬಂದಾಗ ನಾಲ್ಕನ್ನೂ ಓದಿ.

ಮಕ್ಕಳ ಮುಖ ಊದಿದರೆ

ಮೇಲೆ ಹೇಳಿದ ಮಾತಿಗೆ ಒಂದು ಅಪವಾದವಿದೆ. ಕೆಲವರಿಗೆ, ಅದರಲ್ಲೂ ಸಣ್ಣ ಮಕ್ಕಳಿಗೆ, ಮೂತ್ರದಲ್ಲಿ ಪ್ರೋಟೀನ್ ವಿಪರೀತ ಸೋರಿಹೋಗುವ ನೆಫ್ರೋಟಿಕ್ ಸಿಂಡ್ರೋಮ್ ಎಂಬ ಕಾಯಿಲೆ ಬರುತ್ತದೆ. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು, ಕಾಲು ಬಾವು, ನೊರೆ ನೊರೆಯಾದ ಮೂತ್ರ ಇದರ ಲಕ್ಷಣ. ಬಾವು, ಮೂತ್ರದಲ್ಲಿ ಹೋಗುವ ಪ್ರೋಟೀನ್ ಮತ್ತು ಕೆಟ್ಟ ಕಿಡ್ನಿ ಈ ಮೂರರ ನಂಟನ್ನು ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್ 1827ರಲ್ಲೇ ಬರೆದಿಟ್ಟಿದ್ದರು.

ಈ ಕಾಯಿಲೆಯಲ್ಲಿ ಕೊಲೆಸ್ಟರಾಲ್ ನಿಜಕ್ಕೂ ಬಹಳ ಏರುತ್ತದೆ. ರಕ್ತದ ಪ್ರೋಟೀನ್ ಇಳಿದಾಗ ಯಕೃತ್ತು ಕೊಬ್ಬಿನ ಕಣಗಳನ್ನು ಹೆಚ್ಚು ತಯಾರಿಸುತ್ತದೆ. ಎಲ್‌ಡಿಎಲ್ಅನ್ನು ಹಿಡಿದು ಒಳಗೆಳೆದುಕೊಳ್ಳುವ ಅದರ ಶಕ್ತಿ ಮಾತ್ರ ಕುಗ್ಗುತ್ತದೆ. ಮಗುವಿನ ಕೊಲೆಸ್ಟರಾಲ್ 400 ಎಂದು ಕೇಳಿದ ತಾಯಿ “ತುಪ್ಪ ಹಾಕಿದ್ದೇ ತಪ್ಪಾಯಿತು” ಎಂದು ಕೊರಗುವುದು ಬೇಡ. ಅದು ತುಪ್ಪದಿಂದ ಬಂದದ್ದಲ್ಲ, ಸೋರಿಕೆಯಿಂದ ಬಂದದ್ದು. ಹೆಚ್ಚಿನ ಮಕ್ಕಳಿಗೆ ಸ್ಟೀರಾಯ್ಡ್ ಔಷಧಿಯಿಂದ ಸೋರಿಕೆ ನಿಲ್ಲುತ್ತದೆ, ಆಗ ಕೊಲೆಸ್ಟರಾಲೂ ಇಳಿಯುತ್ತದೆ. ವೈದ್ಯರು ಹೇಳಿದಷ್ಟು ದಿನ ಔಷಧಿ ಕೊಡಬೇಕು. ಬಾವು ಇಳಿಯಿತೆಂದು ನಡುವೆ ನಿಲ್ಲಿಸಬಾರದು.

ಕಿಡ್ನಿ ರೋಗಿಗೆ ಹೃದಯದ ಭಯ ಯಾಕೆ?

ಕಿಡ್ನಿ ಕಾಯಿಲೆ ಎಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಡಯಾಲಿಸಿಸ್ ಯಂತ್ರ. ಆದರೆ ದೀರ್ಘಕಾಲದ ಕಿಡ್ನಿ ಕಾಯಿಲೆಯವರಲ್ಲಿ ಬಹಳ ಮಂದಿ ಡಯಾಲಿಸಿಸ್ ಹಂತ ಮುಟ್ಟುವ ಮೊದಲೇ ಹೃದಯಾಘಾತ, ಪಾರ್ಶ್ವವಾಯುಗಳಿಗೆ ತುತ್ತಾಗುತ್ತಾರೆ. ಕೊಬ್ಬಿನ ಬದಲಾವಣೆಯ ಜೊತೆಗೆ ಏರಿದ ಬಿ.ಪಿ. ಮತ್ತು ರಕ್ತನಾಳಗಳಲ್ಲಿ ಕೂರುವ ಸುಣ್ಣದಂಶ ಸೇರಿ ಹೃದಯದ ಮೇಲೆ ಎಲ್ಲ ಕಡೆಯಿಂದ ಭಾರ ಬೀಳುತ್ತದೆ. ಆದ್ದರಿಂದ ಕಿಡ್ನಿ ರೋಗಿಗೆ ಎದೆನೋವು, ಎದೆ ಬಿಗಿತ, ತಣ್ಣನೆಯ ಬೆವರು, ಏಕಾಏಕಿ ಉಸಿರಾಟದ ತೊಂದರೆ ಬಂದರೆ ಗ್ಯಾಸ್ ಎಂದು ಸೋಡಾ ಕುಡಿಸಿ ಕೂರಬೇಡಿ. 2023ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಗದಗ, ಹುಬ್ಬಳ್ಳಿಗೆ ಹೊರಡುವ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಿ.

ಗುಳಿಗೆ ಯಾರಿಗೆ, ಯಾವಾಗ?

ಕೊಲೆಸ್ಟರಾಲ್ ತಗ್ಗಿಸುವ ಸ್ಟಾಟಿನ್ ಗುಳಿಗೆಗಳು ಕಿಡ್ನಿ ರೋಗಿಗಳಿಗೆ ಉಪಯೋಗವೇ ಎಂಬುದನ್ನು ದೊಡ್ಡ ಪರೀಕ್ಷೆಗಳಲ್ಲಿ ನೋಡಿದ್ದಾರೆ. 2011ರಲ್ಲಿ ಪ್ರಕಟವಾದ ‘ಶಾರ್ಪ್’ ಎಂಬ ಅಧ್ಯಯನದಲ್ಲಿ 9,270 ಕಿಡ್ನಿ ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ ಸಿಮ್ವಾಸ್ಟಾಟಿನ್ ಮತ್ತು ಎಜೆಟಿಮೈಬ್, ಉಳಿದವರಿಗೆ ಔಷಧಿಯಿಲ್ಲದ ಗುಳಿಗೆ ಕೊಟ್ಟು ಸುಮಾರು 5 ವರ್ಷ ಗಮನಿಸಿದರು. ಔಷಧಿ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ರಕ್ತನಾಳ ತೆರೆಯುವ ಚಿಕಿತ್ಸೆಯಂಥ ಘಟನೆಗಳು ಶೇ. 17ರಷ್ಟು ಕಡಿಮೆಯಾದವು. ಆದರೆ ಕಿಡ್ನಿ ಕೆಡುವ ವೇಗ ಅದರಿಂದ ನಿಲ್ಲಲಿಲ್ಲ. ಅಂದರೆ ಈ ಗುಳಿಗೆ ಹೃದಯ ಮತ್ತು ಮಿದುಳಿನ ಕಾವಲಿಗೆ. ಕಿಡ್ನಿ ಉಳಿಸಲು ಶುಗರ್, ಬಿ.ಪಿ. ಹತೋಟಿ ಮತ್ತು ಅದಕ್ಕೆಂದೇ ಇರುವ ಬೇರೆ ಔಷಧಿಗಳು ಬೇಕು.

ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ಬದಲಾಗುತ್ತದೆ. ಡಯಾಲಿಸಿಸ್ ರೋಗಿಗಳಿಗೆ ಹೊಸದಾಗಿ ಸ್ಟಾಟಿನ್ ಕೊಟ್ಟು ನೋಡಿದ ಎರಡು ಅಧ್ಯಯನಗಳಲ್ಲಿ, 2005ರ ‘4ಡಿ’ ಮತ್ತು 2009ರ ‘ಅರೋರಾ’ದಲ್ಲಿ, ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಆ ಹೊತ್ತಿಗೆ ಹೃದಯದ ಸ್ನಾಯು ಮತ್ತು ರಕ್ತನಾಳಗಳು ಬೇರೆ ರೀತಿಯಲ್ಲೂ ಹಾಳಾಗಿರುತ್ತವೆ.

ಇದನ್ನೆಲ್ಲ ಆಧರಿಸಿ ಕೆಡಿಗೋ ಎಂಬ ಅಂತರರಾಷ್ಟ್ರೀಯ ಕಿಡ್ನಿ ತಜ್ಞರ ಸಂಸ್ಥೆ 2013ರಲ್ಲಿ ಕೊಟ್ಟ ಸಲಹೆಯ ಸಾರ ಹೀಗಿದೆ:

• ಡಯಾಲಿಸಿಸ್ ಹಂತಕ್ಕೆ ಬಾರದ, 50 ವರ್ಷ ದಾಟಿದ ಕಿಡ್ನಿ ರೋಗಿಗಳಿಗೆ ಸ್ಟಾಟಿನ್ ಕೊಡಬೇಕು.

• 18ರಿಂದ 49 ವರ್ಷದವರಿಗೆ ಸಕ್ಕರೆ ಕಾಯಿಲೆ, ಹೃದ್ರೋಗ, ಪಾರ್ಶ್ವವಾಯು ಅಥವಾ ಹೃದಯಾಘಾತದ ಹೆಚ್ಚಿನ ಸಂಭವ ಇದ್ದರೆ ಕೊಡಬಹುದು.

• ಡಯಾಲಿಸಿಸ್‌ಗೆ ಮೊದಲೇ ತೆಗೆದುಕೊಳ್ಳುತ್ತಿದ್ದವರು ಮುಂದುವರಿಸಬಹುದು. ಡಯಾಲಿಸಿಸ್ ಆದ ಮೇಲೆ ಹೊಸದಾಗಿ ಶುರು ಮಾಡುವ ಅಗತ್ಯ ಸಾಮಾನ್ಯವಾಗಿ ಇಲ್ಲ.

• ಕಿಡ್ನಿ ಕಸಿ ಮಾಡಿಸಿಕೊಂಡ ದೊಡ್ಡವರಿಗೆ ಕೊಡಬಹುದು.

ಈ ಸಲಹೆಯಲ್ಲಿ ‘ಎಲ್‌ಡಿಎಲ್ ಇಷ್ಟಿದ್ದರೆ ಮಾತ್ರ’ ಎಂಬ ಷರತ್ತಿಲ್ಲ ಎಂಬುದನ್ನು ಗಮನಿಸಿ. ಕಿಡ್ನಿ ಕಾಯಿಲೆಯೇ ಅಪಾಯವಾದ್ದರಿಂದ, ವಯಸ್ಸು ಮತ್ತು ಕಾಯಿಲೆಯನ್ನು ನೋಡಿ ವೈದ್ಯರು ಗುಳಿಗೆ ಬರೆಯುತ್ತಾರೆ. ಪಾಲಕರು ಕೇಳುವ ಪ್ರಶ್ನೆಗೆ ಉತ್ತರ ಇದೇ. ರಿಪೋರ್ಟ್ ನಾರ್ಮಲ್ ಇದೆ ಎಂದು ಗುಳಿಗೆ ಬಿಡುವುದು, ಮಳೆ ನಿಂತಿದೆ ಎಂದು ಮಾಳಿಗೆ ಕಿತ್ತ ಹಾಗೆ.

ಹಾಗೆಂದು ಮತ್ತೊಬ್ಬರ ಚೀಟಿ ನೋಡಿ ಗುಳಿಗೆ ಕೊಳ್ಳಬೇಡಿ. ಸ್ಟಾಟಿನ್ ತೆಗೆದುಕೊಳ್ಳುವವರಿಗೆ ಮೈತುಂಬ ಸ್ನಾಯು ನೋವು ಬಂದು ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಕೂಡಲೇ ವೈದ್ಯರನ್ನು ಕಾಣಬೇಕು. ಗರ್ಭಿಣಿಯರು ಮತ್ತು ಗರ್ಭ ಧರಿಸಲು ಯೋಚಿಸುತ್ತಿರುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಟ್ರೈಗ್ಲಿಸರೈಡ್ ಇಳಿಸಲು ಕೊಡುವ ಫೆನೊಫೈಬ್ರೇಟ್ ಗುಳಿಗೆ ಕ್ರಿಯಾಟಿನಿನ್ ಏರಿಸಬಹುದು. ಕಿಡ್ನಿ ತೊಂದರೆ ಇರುವುದನ್ನು ಹೇಳದೆ ಅದನ್ನು ತೆಗೆದುಕೊಳ್ಳಬಾರದು.

ಊಟ ಮತ್ತು ರಂಜಾನ್

ನಮ್ಮ ಭಾಗದ ಜೋಳದ ರೊಟ್ಟಿ, ಕಾಳು, ಸೊಪ್ಪು ಒಳ್ಳೆಯ ಊಟ. ಕೆಡಿಸುವುದು ಉಪ್ಪು ಮತ್ತು ಕರಿದ ಪದಾರ್ಥ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಿರ್ಚಿ ಭಜಿ ಸೇರಿದರೆ ದಿನಕ್ಕೆ 5 ಗ್ರಾಮಿನ ಮಿತಿ ಎಲ್ಲೋ ದಾಟಿರುತ್ತದೆ. 5 ಗ್ರಾಂ ಎಂದರೆ ಒಂದು ಚಹಾ ಚಮಚ. ‘ಸೋಡಿಯಂ ಕಡಿಮೆ’ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ರೋಗಿಗೆ ಅದು ಇನ್ನೂ ಅಪಾಯ. ಡಾಲ್ಡಾ ಬೇಡ, ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಬೇಡ. ಬಕ್ರೀದ್ ಹಬ್ಬದಲ್ಲಿ ಮಾಂಸ ತಿನ್ನಲೇಬಾರದೆಂದಲ್ಲ. ಕೊಬ್ಬು ತೆಗೆದು, ವೈದ್ಯರು ಹೇಳಿದ ಅಳತೆಯಲ್ಲಿ ತಿನ್ನಬಹುದು. ಡಯಾಲಿಸಿಸ್ ರೋಗಿಗಳಿಗಂತೂ ಪ್ರೋಟೀನ್ ಹೆಚ್ಚು ಬೇಕು. ಅವರಲ್ಲಿ ಕೊಲೆಸ್ಟರಾಲ್ ತೀರ ಇಳಿದಿದ್ದರೆ ಅದು ಊಟ ಸಾಲದ ಗುರುತೂ ಆಗಿರಬಹುದು.

ರೋಗಿಗಳಿಗೆ ರೋಜಾದಿಂದ ನಮ್ಮ ದೀನ್ ರಿಯಾಯಿತಿ ಕೊಟ್ಟಿದೆ. ಗುಣವಾಗುವ ಕಾಯಿಲೆಯಾದರೆ ನಂತರ ಕಜಾ, ಗುಣವಾಗದ ಕಾಯಿಲೆಯಾದರೆ ಫಿದ್ಯಾ. ಕಿಡ್ನಿ ಬಹಳ ಕುಗ್ಗಿದವರಿಗೆ, ಡಯಾಲಿಸಿಸ್ ಮೇಲಿರುವವರಿಗೆ ನೀರಿಲ್ಲದ ದೀರ್ಘ ಉಪವಾಸ ಅಪಾಯ ತರಬಹುದು. ರಂಜಾನ್‌ಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನೂ ಮಸೀದಿಯ ಇಮಾಮರನ್ನೂ ಕೇಳಿ ನಿರ್ಧರಿಸಿ. ರೋಜಾ ಹಿಡಿಯಬಹುದು ಎಂದು ವೈದ್ಯರು ಹೇಳಿದವರು ಗುಳಿಗೆಯ ವೇಳೆಯನ್ನು ಕೇಳಿಕೊಳ್ಳಿ. ಅಟೊರ್ವಾಸ್ಟಾಟಿನ್ ಅನ್ನು ದಿನದ ಯಾವ ಹೊತ್ತಿಗಾದರೂ ತೆಗೆದುಕೊಳ್ಳಬಹುದಾದ್ದರಿಂದ ಇಫ್ತಾರ್ ನಂತರ ಸಾಕು. ಇಫ್ತಾರಿನ ಖರ್ಜೂರ, ಬಾಳೆಹಣ್ಣು, ಎಳನೀರುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಕಾಯಿಲೆ ಮುಂದುವರಿದವರು ಅಳತೆ ಕೇಳಿಯೇ ತಿನ್ನಬೇಕು.

ಪರೀಕ್ಷೆ ಎಲ್ಲಿ, ಯಾರಿಗೆ?

ಸಕ್ಕರೆ ಕಾಯಿಲೆ ಅಥವಾ ಬಿ.ಪಿ. ಇರುವವರು, ಮನೆಯಲ್ಲಿ ಯಾರಿಗಾದರೂ ಕಿಡ್ನಿ ತೊಂದರೆ ಇದ್ದವರು ವರ್ಷಕ್ಕೊಮ್ಮೆ ಮೂರು ಪರೀಕ್ಷೆ ಮಾಡಿಸಿ: ರಕ್ತದ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್, ಲಿಪಿಡ್. ಮೂತ್ರದ ಅಲ್ಬುಮಿನ್ ಅನುಪಾತ 30ರೊಳಗೆ ಇರಬೇಕು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಮುಂದಿನ ಚಿಕಿತ್ಸೆಗೆ ಗದಗಿನ ಜಿಮ್ಸ್, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಇವೆ. 2016ರಿಂದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಡ ಕುಟುಂಬಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಉಚಿತ. ಬಿಪಿಎಲ್ ಪಡಿತರ ಚೀಟಿ ಮತ್ತು ಆಧಾರ್ ಜೊತೆಗಿರಲಿ. ತಿಂಗಳ ಗುಳಿಗೆಗಳನ್ನು ಜನೌಷಧಿ ಅಂಗಡಿಯಲ್ಲಿ ಕೇಳಿ. ಅದೇ ಔಷಧಿ ಅಲ್ಲಿ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ.

ದಾನಿಗಳಿಗೂ ಪಾಲಕರಿಗೂ ನಮ್ಮ ವಿನಂತಿ

ದಾನಿಗಳೇ, ಆಪರೇಷನ್ನಿಗೆ, ಆ್ಯಂಬುಲೆನ್ಸಿಗೆ ನೀವು ಕೈಬಿಚ್ಚಿ ಕೊಡುತ್ತೀರಿ. ಅಲ್ಲಾಹನು ಅದನ್ನು ಸ್ವೀಕರಿಸಲಿ. ಅದರ ಜೊತೆಗೆ ತಿಂಗಳು ತಿಂಗಳು ಬೇಕಾಗುವ ಸಣ್ಣ ಖರ್ಚುಗಳತ್ತಲೂ ನೋಡಿ ಎಂದು ಕೇಳಿಕೊಳ್ಳುತ್ತೇವೆ: ವರ್ಷಕ್ಕೊಂದು ರಕ್ತಪರೀಕ್ಷೆ, ತಪ್ಪದ ಗುಳಿಗೆ, ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗಿಬರುವ ಬಸ್ ಚಾರ್ಜು. ಜಕಾತ್‌ಗೆ ಅರ್ಹವಾದ ಕುಟುಂಬದಲ್ಲಿ ತಂದೆ ಇನ್ನೂ ಹತ್ತು ವರ್ಷ ದುಡಿಯುವಂತಾದರೆ ಅದೇ ಮಗಳ ದೊಡ್ಡ ವಿದ್ಯಾರ್ಥಿವೇತನ.

ಪಾಲಕರೇ, ಮನೆಯಲ್ಲಿ ಕಿಡ್ನಿ ಅಥವಾ ಹೃದಯದ ಕಾಯಿಲೆ ಇದ್ದರೆ ಅರ್ಜಿಯಲ್ಲಿ ಬರೆಯಲು ಸಂಕೋಚ ಬೇಡ. ಡಯಾಲಿಸಿಸ್ ಕಾರ್ಡು ಅಥವಾ ಆಸ್ಪತ್ರೆಯ ಚೀಟಿಯ ಪ್ರತಿ ಲಗತ್ತಿಸಿ. ಫೀ ಕಟ್ಟಲಿಕ್ಕೆಂದು ಗುಳಿಗೆ ನಿಲ್ಲಿಸಬೇಡಿ, ಗುಳಿಗೆಗೆಂದು ಮಕ್ಕಳ ಶಾಲೆ ಬಿಡಿಸಬೇಡಿ. ಎರಡರಲ್ಲಿ ಒಂದನ್ನು ಆರಿಸುವ ಹೊತ್ತು ಬರುವ ಮೊದಲೇ ನಮಗೆ ತಿಳಿಸಿ. ವಿದ್ಯಾರ್ಥಿಗಳು ಮನೆಯ ಹಿರಿಯರ ಹಳೆಯ ರಿಪೋರ್ಟುಗಳನ್ನೆಲ್ಲ ಒಂದು ಫೈಲಿನಲ್ಲಿ ತಾರೀಖಿನ ಪ್ರಕಾರ ಜೋಡಿಸಿ, ವೈದ್ಯರ ಹತ್ತಿರ ಹೋಗುವಾಗ ಕೊಟ್ಟು ಕಳಿಸಿ. ಕ್ರಿಯಾಟಿನಿನ್ ಹೋದ ವರ್ಷ ಎಷ್ಟಿತ್ತು, ಈ ವರ್ಷ ಎಷ್ಟಾಗಿದೆ ಎಂಬುದನ್ನು ವೈದ್ಯರು ಮೊದಲು ನೋಡುತ್ತಾರೆ.